ಉಪವಾಸದ ಕೆಂಪು

ಶಾಂತಲಿಂಗಪ್ಪನವರದು ಒಂದು ಹಠ. ಹೊರಗಿನವರು ಒಬ್ಬರಾದರೂ ಉಂಡು ಕೈತೊಳೆಯುವ ತನಕ ಅವರು ತುತ್ತು ಮುಟ್ಟುವವರಲ್ಲ. ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ನಡೆಸಿದ ಅಷ್ಟೂ ವರ್ಷ, ಮಧ್ಯಾಹ್ನ ಮನೆಯಿಂದ ಡಬ್ಬಿ ಬಂದರೆ ಮೊದಲ ಜೋಳದ ಭಕ್ಕರಿ ಗಂಟು ಹೊರುವ ಹಮಾಲನಿಗೆ, ಇಲ್ಲವೆ ದಾರಿಯಲ್ಲಿ ಹೋಗುವ ಯಾವನಿಗೋ. ಯಾರೂ ಸಿಗದಿದ್ದರೆ ಗಿರಾಕಿಯನ್ನೇ ಹಿಡಿದು ಕೂರಿಸಿ, "ಸೀರಿ ಆಮ್ಯಾಲ ನೋಡೀರಂತ, ಮೊದಲ ಎರಡು ತುತ್ತು ಉಣ್ರಿ" ಎನ್ನುತ್ತಿದ್ದರು. ದಾಸೋಹದ ಮನೆತನ ಎಂದು ಪೇಠದಲ್ಲಿ ಹೆಸರು. ಹೆಸರಿಗೇನು ಬಿಡಿ, ಹೆಸರು ಹೊಟ್ಟೆ ತುಂಬಿಸುತ್ತದೆಯೆ? ಊರಿಗೆಲ್ಲ ಇಕ್ಕಿದ ಕೈ ಯಾರಿಗೆ ಇಕ್ಕಲಿಲ್ಲ ಎಂಬುದು ಪೇಠದವರಿಗೆ ಗೊತ್ತಿರಲಿಲ್ಲ. ಮನೆಯವರಿಗೆ ಗೊತ್ತಿತ್ತು.

ಈಗ ಅಂಗಡಿ ಅಣ್ಣನ ಮಗ ನಿತಿನನ ಕೈಯಲ್ಲಿದೆ. ಹೆಂಡತಿ ಉಮಾಬಾಯಿ ಪೇಠದ ಮನೆಯಲ್ಲಿ. ಶಾಂತಲಿಂಗಪ್ಪನವರು ಮಾತ್ರ ಅಕ್ಕಲಕೋಟೆಯಲ್ಲಿ, ಒಂದು ಕಾಲಕ್ಕೆ ಬಟ್ಟೆಯ ಗಂಟು ಇಡುತ್ತಿದ್ದ ಹಳೆಯ ಗೋದಾಮಿನಲ್ಲಿ ಖಾಟು ಹಾಕಿಕೊಂಡು, ಮಗಳ ನೀರು ಕಾಯುತ್ತಾರೆ. ಬೆಳಿಗ್ಗೆ ಅನ್ನಛತ್ರಕ್ಕೆ ಹೋಗಿ ಪಂಕ್ತಿಗೆ ಬಡಿಸುವುದು, ಬಂದು ನೀರು ನೋಡುವುದು, ಸಂಜೆಗೆ ಮತ್ತೆ ನೀರು ನೋಡುವುದು. "ನಿಮ್ಮ ಮಾಲಕರು ಈ ವಯಸ್ಸಿನ್ಯಾಗ ಪಾಚಿ ಕಾಯಾಕ ನಿಂತಾರ" ಎಂದು ಪೇಠದವರು ನಿತಿನನನ್ನು ಕಾಡಿಸಿದರೆ ಅವನು ಸಿಟ್ಟಾಗುತ್ತಿದ್ದ. ಶಾಂತಲಿಂಗಪ್ಪನವರಿಗೆ ಸಿಟ್ಟು ಬರುತ್ತಿರಲಿಲ್ಲ. ಅವರು ಬೇರೆ ಏನನ್ನೋ ತೀರಿಸುತ್ತಿದ್ದರು.

ಗೋದಾಮಿನ ಹಿಂದಿನ ಬಯಲಲ್ಲಿ ನಾಲ್ಕು ಉದ್ದನೆಯ ನೀರಿನ ಟಾಕಿಗಳು. ಆಳವಿಲ್ಲ, ಒಳಗಿಳಿದರೆ ಮೀನಖಂಡ ಮುಳುಗಿದರೆ ಹೆಚ್ಚು. ಪ್ರತಿಯೊಂದರ ತುದಿಗೂ ಒಂದು ಸಣ್ಣ ಮೋಟಾರು, ಅದಕ್ಕೊಂದು ಚಕ್ರ. ನೀರು ನಿಲ್ಲದೆ ಸುತ್ತು ಹಾಕುತ್ತಿರಬೇಕು. ಆ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ. ಮಗಳು ಪ್ರಾಜಕ್ತಾ ಅದನ್ನು ಚಳಿಗಾಲವೆಲ್ಲ ನೆರಳಿನ ಜಾಳಿಗೆಯ ಕೆಳಗೆ ಸಾಕಿದ್ದಳು. ಪಾಚಿಗೆ ಇಷ್ಟೊಂದು ಆರೈಕೆಯೇ ಎಂದು ನೀವು ನಕ್ಕರೆ ನಗಿರಿ. ಆ ಪಾಚಿ ಬಂದ ದಾರಿ ಕೇಳಿದ ಮೇಲೆ ನಗು ಬರುವುದಿಲ್ಲ.

ಪ್ರಾಜಕ್ತಾಳನ್ನು ಕೊಟ್ಟದ್ದು ಮಂಗಳವೇಢೆ ಕಡೆಯ ನಂದೇಶ್ವರಕ್ಕೆ. ದೊಡ್ಡ ಮನೆ, ಬಾವಿ, ಟ್ರ್ಯಾಕ್ಟರು, ಅಂಗಳದಲ್ಲಿ ಕಾರು. ಹುಡುಗಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು, ಮುಂದೆ ಓದುತ್ತೇನೆ ಎಂದಿದ್ದಳು. ಓದಲಿ ಬಿಡ್ರಿ ಎಂದು ಅವರೂ ಮದುವೆಗೆ ಮುಂಚೆ ತಲೆಯಾಡಿಸಿದ್ದರು. ಮದುವೆಯಾದ ಮೇಲೆ ಪುಸ್ತಕ ಅಟ್ಟ ಸೇರಿತು. ಆ ಮನೆಯಲ್ಲಿ ಸೊಸೆ ಎಲ್ಲರೂ ಉಂಡ ಮೇಲೆ ಉಣ್ಣಬೇಕು. ಅದು ಎಷ್ಟೋ ಮನೆಗಳಲ್ಲಿದೆ, ಹೊಸದಲ್ಲ. ಆದರೆ ಅಲ್ಲಿ ಎಲ್ಲರೂ ಉಣ್ಣುವ ಹೊತ್ತಿಗೆ ಭಕ್ಕರಿಯ ಬುಟ್ಟಿ ಬರಿದಾಗಿರುತ್ತಿತ್ತು, ಹಿಟ್ಟಿನ ಡಬ್ಬಿಗೆ ಅತ್ತೆ ಬೀಗ ಹಾಕಿರುತ್ತಿದ್ದಳು. ತಗ್ಗಿ ಬಗ್ಗಿ ನಡೆಯುವ ತನಕ ಇದೇ ಮದ್ದು ಎಂದು ಅವರ ಲೆಕ್ಕ.

ಹುಡುಗಿ ಅಪ್ಪನಿಗೆ ಫೋನು ಮಾಡಿ ಹೇಳಿದಳು. ಅಪ್ಪ, "ಸೊಲ್ಪ ತಡಕೋ ಅವ್ವಾ, ಹೊಂದ್ಕೊಂಡ ಹೋಗಬೇಕು" ಎಂದರು. ಉಮಾಬಾಯಿ ಚೀಲ ಹಿಡಿದು, "ನಾ ಹೋಗಿ ಕರ್ಕೊಂಡ ಬರ್ತೀನಿ" ಎಂದು ಹೊಸ್ತಿಲ ತನಕ ಬಂದರೆ ಅಡ್ಡ ನಿಂತು, "ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಪೇಠದಾಗ ಏನಂದಾರು?" ಎಂದರು. ಅಲ್ಲರೀ, ದಾರಿಯಲ್ಲಿ ಹೋಗುವ ಯಾವನೋ ಉಂಡನೋ ಇಲ್ಲವೋ ಎಂದು ತನ್ನ ಡಬ್ಬಿ ಮುಚ್ಚಿಟ್ಟು ಕಾಯುವ ಮನುಷ್ಯ! ಏನೆನ್ನಬೇಕು ಇದಕ್ಕೆ?

ಕೊನೆಗೆ ಅವಳೇ ಬಂದಳು, ಒಂದು ಮಧ್ಯಾಹ್ನ ಮಂಗಳವೇಢೆ ಬಸ್ಸಿನಲ್ಲಿ. ಬಾಗಿಲಲ್ಲಿ ನಿಂತ ಮಗಳನ್ನು ನೋಡಿ ಶಾಂತಲಿಂಗಪ್ಪನವರಿಗೆ ಮೊದಲು ಗುರುತು ಹತ್ತಲಿಲ್ಲ. ಕೈ ಎತ್ತಿದರೆ ಬಳೆಗಳು ಮೊಳಕೈ ದಾಟಿ ಮೇಲೆ ಹೋಗುತ್ತಿದ್ದವು. ಆ ಕೈಯಲ್ಲಿ ಒಂದು ಕುಂಕುಮದ ಡಬ್ಬಿ ಇತ್ತು. ಉಮಾಬಾಯಿ ಅಳುತ್ತಲೇ ಡಬ್ಬಿ ತೆಗೆದು ಮಗಳ ಹಣೆಗೆ ಹಚ್ಚಲು ಹೋದರೆ ಅವಳು ಕಸಿದುಕೊಂಡು, "ಅವ್ವಾ, ಅದು ಕುಂಕಮ ಅಲ್ಲ" ಎಂದಳು. ಆ ಮನೆಯ ಹಿತ್ತಿಲಲ್ಲಿ ದನಕ್ಕೆ ನೀರಿಡುವ ಕಲ್ಲಿನ ದೋಣಿ ಇತ್ತಂತೆ, ಯಾರೂ ಬಳಸದೆ ಬಿಟ್ಟದ್ದು. ಬೇಸಿಗೆಯಲ್ಲಿ ಅದರ ತಳದಲ್ಲಿ ಕೆಂಪಗೆ ಒಂದು ಹಕ್ಕಳೆ ಕಟ್ಟುತ್ತಿತ್ತು; ಮಳೆ ಬಿದ್ದರೆ ಅದೇ ನೀರು ಹಸಿರಾಗುತ್ತಿತ್ತು. ಪಾತ್ರೆ ತಿಕ್ಕುವಾಗ ಅವಳು ಅದನ್ನು ನೋಡುತ್ತ ಕೂರುತ್ತಿದ್ದಳಂತೆ. ಹೊರಡುವ ದಿನ ಉಗುರಿನಿಂದ ಕೆರೆದು ಡಬ್ಬಿಗೆ ತುಂಬಿಕೊಂಡು ಬಂದಳು. "ಅಲ್ಲಿಂದ ನಾ ತಂದದ್ದು ಇದೊಂದ" ಎಂದಳು.

ಆ ಹಕ್ಕಳೆಯಿಂದಲೇ ಅವಳ ಸಂಶೋಧನೆ ಸುರುವಾಯಿತು. ಸೊಲ್ಲಾಪುರದಲ್ಲಿ ಪಿಎಚ್.ಡಿ.ಗೆ ಸೇರಿಕೊಂಡಳು. ಯಾವ ನೀರು, ಎಷ್ಟು ತಂಪು, ಎಷ್ಟು ಬೆಳಕು, ಯಾವ ಗೊಬ್ಬರ ಎಷ್ಟು ಕೊಟ್ಟರೆ ಆ ಪಾಚಿ ಹೇಗೆ ಬದಲಾಗುತ್ತದೆ ಎಂಬುದೇ ಅವಳ ವಿಷಯ. ಅದು ತುಂಬಿಕೊಳ್ಳುವ ಕೆಂಪು ಬಣ್ಣಕ್ಕೆ ಅಸ್ಟಾಕ್ಸಾಂಥಿನ್ ಎಂದು ಹೆಸರು. ಔಷಧದ ಗುಳಿಗೆಗೆ, ಮೀನಿನ ಮೇವಿಗೆ ದೊಡ್ಡ ಗಿರಾಕಿ ಇದೆಯಂತೆ. ಹೈದರಾಬಾದಿನ ಒಂದು ಕಂಪನಿಯ ಯೋಗಿರಾಜ ಎಂಬವರು ಅವಳ ಕೆಲಸ ನೋಡಿ, ಬಯಲಿನ ಟಾಕಿಯಲ್ಲಿ ಒಂದು ಬೆಳೆ ಕೆಂಪಗೆ ತೆಗೆದು ತೋರಿಸಿದರೆ ಪಾಚಿಯನ್ನೂ ತೆಗೆದುಕೊಳ್ಳುತ್ತೇವೆ, ನಿಮ್ಮನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದಿದ್ದರು.

ಅವಳಿಗೆ ಬೇಕಾದದ್ದು ಅದೇ. ಕೆಲಸಕ್ಕಿಂತ ಹೆಚ್ಚಾಗಿ ಊರು ಬಿಡುವುದು ಬೇಕಿತ್ತು. ಸೊಲ್ಲಾಪುರದಲ್ಲಿ ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ, "ಗಂಡನ ಮನಿಗಿ ಯಾವಾಗ ಹೋಗಾಕಿ ಪ್ರಾಜು?" ಎಂಬ ಪ್ರಶ್ನೆ ಮೊದಲು ಬರುತ್ತಿತ್ತು, ಚಹಾ ಆಮೇಲೆ. ನಂದೇಶ್ವರದವರು ಕೂಡ ಹಿರಿಯರನ್ನು ಕಳಿಸುವುದು ಬಿಟ್ಟಿರಲಿಲ್ಲ. "ಈ ಬೆಳಿ ಕೈಗಿ ಹತ್ತಿದ್ರ ನಾ ಇಲ್ಲಿಂದ ಹೋಗ್ತೀನಿ ಅಪ್ಪಾ. ಹತ್ತಲಿಲ್ಲಂದ್ರ ನನ್ನ ಕೈಯಾಗ ಬ್ಯಾರೆ ಏನೂ ಇಲ್ಲ" ಎಂದು ಅವಳು ಒಮ್ಮೆ ಹೇಳಿದ್ದಳು. ಆ ಮಾತು ಕೇಳಿದ ಮೇಲೆಯೇ ಶಾಂತಲಿಂಗಪ್ಪನವರು ಗೋದಾಮಿನಲ್ಲಿ ಖಾಟು ಹಾಕಿದ್ದು.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಯಿತು. ಬಿಸಿಲು ಏರತೊಡಗಿತು. ಒಂದು ಮುಂಜಾನೆ ಪ್ರಾಜಕ್ತಾ ಜಾಳಿಗೆಯ ಹಗ್ಗ ಬಿಚ್ಚುತ್ತ, ಟಾಕಿಯ ಕೆಲಸಕ್ಕೆ ಬರುವ ಹಿರಾಬಾಯಿಗೆ ಹೇಳಿದಳು: "ಇವತ್ತಿಂದ ಇವಕ್ಕ ಏನೂ ಹಾಕೂದಿಲ್ಲ. ನೀರು, ಬಿಸಲು. ಅಷ್ಟ."

ಹಿರಾಬಾಯಿ ಸಲಗರ ಬುದ್ರುಕದ ಕಡೆಯವಳು, ಗಂಡನ ಜೊತೆ ಅಕ್ಕಲಕೋಟೆಗೆ ಬಂದು ಕೂಲಿ ಮಾಡಿಕೊಂಡಿದ್ದವಳು, ಬಾಯಿ ಸುಮ್ಮನಿರದವಳು. "ಅಯ್ಯ ಬಾಯಿ, ಅಕ್ಕಲಕೋಟ್ಯಾಗ ನಾಯಿನೂ ಉಪಾಸ ಮಲಗೂದಿಲ್ಲ. ನಿಮ್ಮ ಶೇವಾಳ ಏನ್ ಪಾಪ ಮಾಡ್ಯಾವ?" ಎಂದಳು. ಪಾಚಿಗೆ ಅವಳು ಮರಾಠಿಯ ಶೇವಾಳ ಎಂಬ ಮಾತನ್ನೇ ಬಳಸುತ್ತಿದ್ದಳು.

"ಹೊಟ್ಟಿ ತುಂಬಿದ್ರ ಕೆಂಪ ಯಾಕ ಆಗ್ತಾವ ಹೇಳು?" ಪ್ರಾಜಕ್ತಾ ಹಗ್ಗ ಸುತ್ತುತ್ತಲೇ ಹೇಳಿದಳು. "ಉಂಡು ನೆರಳಾಗ ಇರೂತನಾ ಹಸರಿರ್ತಾವು, ಈಜಾಡ್ತಾವು, ಒಂದಕ್ಕ ಎರಡ ಆಗ್ತಾವು. ಉಣ್ಣಾಕ ಇಲ್ಲ, ನೆತ್ತಿ ಮ್ಯಾಲ ಬಿಸಲು, ಇನ್ನ ಉಳ್ಯಾಂಗಿಲ್ಲ ಅಂತ ಗೊತ್ತಾತಂದ್ರ ಈಜೂದು ಬಿಡ್ತಾವು. ದಪ್ಪನ ತೊಗಲ ಹೊದ್ದು, ಒಳಗ ಕೆಂಪ ತುಂಬ್ಕೊಂಡು, ಸುಮ್ನ ತಳಕ್ಕ ಕುಂತ ಬಿಡ್ತಾವು. ಆ ಕೆಂಪ ಅವಕ್ಕ ಛತ್ರಿ ಇದ್ದಂಗ."

"ಮತ್ತ ತ್ರಾಸ ಆಗೂದಿಲ್ಲ?" ಹಿರಾಬಾಯಿ ಕೇಳಿದಳು.

"ಆಗ್ತದ. ತ್ರಾಸಿಂದನ ಬಣ್ಣ."

ಹೇಳಿದವಳ ದನಿಯಲ್ಲಿ ಏನೂ ಇರಲಿಲ್ಲ, ಪಾಠ ಹೇಳುವ ಮೇಷ್ಟರ ದನಿ. ಆದರೆ ಖಾಟಿನ ಮೇಲೆ ಚಹಾ ಹಿಡಿದು ಕೂತಿದ್ದ ಶಾಂತಲಿಂಗಪ್ಪನವರು ಲೋಟ ಕೆಳಗಿಟ್ಟರು. ಮಗಳು ತನಗೇ ಹೇಳುತ್ತಿದ್ದಾಳೆ ಅನ್ನಿಸಿತು. ಅವಳು ಅವರ ಕಡೆ ನೋಡಿಯೂ ಇರಲಿಲ್ಲ.

ನೀರು ಬದಲಾದದ್ದನ್ನು ಅವರು ಕಣ್ಣಾರೆ ಕಂಡರು. ಮೊದಲು ಹಸಿರು ಮಂಕಾಯಿತು. ಆಮೇಲೆ ತುಕ್ಕಿನ ಬಣ್ಣ, ಆಮೇಲೆ ಇಟ್ಟಂಗಿ. ಒಂದು ದಿನ ಅನ್ನಛತ್ರದಿಂದ ಬಂದು ನೋಡಿದರೆ ನಾಲ್ಕೂ ಟಾಕಿ ಕೆಂಪು. ಜೀವಮಾನವೆಲ್ಲ ಬಣ್ಣದ ಬಟ್ಟೆಯ ನಡುವೆ ಕಳೆದ ಮನುಷ್ಯ ಬಾಯಿ ತೆರೆದು ನಿಂತರು. ಇಂಥ ಕೆಂಪು ಅವರ ಅಂಗಡಿಗೆ ಯಾವ ಮಿಲ್ಲಿನಿಂದಲೂ ಬಂದಿರಲಿಲ್ಲ. ಪ್ರಾಜಕ್ತಾ ಟಾಕಿಯ ಅಂಚಿಗೆ ಕೂತು ಕೈ ಅದ್ದಿ, ಬೊಗಸೆಯ ನೀರು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ನಗು ಕಂಡು ಅವರ ಎದೆ ತುಂಬಿತು. ಆ ಮಧ್ಯಾಹ್ನ ಅವಳು ಎರಡು ಭಕ್ಕರಿ ಉಂಡಳು. ಇಲ್ಲವಾದರೆ ಅವಳದು ಅರ್ಧವೇ. ಯಾರೋ ಎಣಿಸುತ್ತಿದ್ದಾರೆ ಎಂಬಂತೆ ಉಣ್ಣುವ ಅಭ್ಯಾಸ ಅವಳಿಗೆ ನಂದೇಶ್ವರದಿಂದ ಬಂದದ್ದು, ಹೋಗಿರಲಿಲ್ಲ.

ನಾಲ್ಕು ದಿನ ನೆಟ್ಟಗೆ ಕಳೆಯಲಿಲ್ಲ, ಸೊಲ್ಲಾಪುರದಿಂದ ಫೋನು. ಪ್ರಯೋಗಾಲಯದಲ್ಲಿ ಅವಳು ತನ್ನ ಮೂಲ ಪಾಚಿಯ ಬಾಟಲಿಗಳನ್ನು ತಂಪಿನ ಕಪಾಟಿನಲ್ಲಿ ಇಟ್ಟಿದ್ದಳು. ರಜೆಯ ದಿನ ಕರೆಂಟು ಹೋಗಿದೆ, ಕಪಾಟು ಕಾದುಹೋಗಿದೆ, ಯಾರೂ ನೋಡಿಲ್ಲ. ಪ್ರಾಜಕ್ತಾ ನಿಂತ ನಿಲುವಿಗೆ ಹೊರಟಳು.

"ಅಲ್ಲಿ ಏನರೆ ಉಳದಾವೇನು ನೋಡ್ತೀನಿ. ಉಳೀಲಿಲ್ಲಂದ್ರ ಇಲ್ಲಿದ್ದದ್ದ ಬೀಜ ಅಪ್ಪಾ, ಇಷ್ಟ" ಎಂದಳು.

"ನಂದೇಶ್ವರದಾಗ ಆ ದೋಣಿ..."

"ಅದನ್ನ ಒಡದು ಫರ್ಶಿ ಹಾಸ್ಯಾರಂತ." ಚೀಲ ಹೆಗಲಿಗೇರಿಸಿ ಅವಳು ಅಪ್ಪನ ಎದುರು ಬಂದು ನಿಂತಳು. "ಯೋಗಿರಾಜ ಅವರು ಮುಂದಿನ ವಾರ ಬರ್ತಾರ. ಅಲ್ಲೀತನಾ ಕೈ ಹಚ್ಚಬ್ಯಾಡ. ಆರಿದಷ್ಟು ನೀರು ತುಂಬು, ಚಕ್ರ ತಿರಗೂದು ನೋಡು. ಬ್ಯಾರೆ ಏನೂ ಹಾಕಬ್ಯಾಡ. ತಿಳೀತಿಲ್ಲ?"

"ತಿಳೀತವ್ವಾ. ನೀ ಏನ್ ಕಾಳಜಿ ಮಾಡಬ್ಯಾಡ" ಎಂದರು ಶಾಂತಲಿಂಗಪ್ಪನವರು. ಆ ಮಾತು ಆಡುವಾಗ ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಮಗಳು ತನ್ನನ್ನು ನಂಬಿ ಒಂದು ವಸ್ತು ಕೊಟ್ಟು ಹೋಗುತ್ತಿದ್ದಾಳೆ ಎಂದು ಅವರಿಗೆ ಹಿಗ್ಗೇ ಆಗಿತ್ತು.

ಮನುಷ್ಯನಿಗೆ ಕೈ ಕಟ್ಟಿ ಕೂತಿರು ಎಂದು ಹೇಳುವುದು ಸುಲಭ. ಕೂರುವುದು ಎಲ್ಲರಿಗೂ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಟಾಕಿಯ ಅಂಚು ಮುಟ್ಟಿದರೆ ಬೊಬ್ಬೆ ಏಳುವ ಹಾಗೆ ಕಾದಿರುತ್ತಿತ್ತು. ಶಾಂತಲಿಂಗಪ್ಪನವರು ಅನ್ನಛತ್ರದಲ್ಲಿ ನೂರಾರು ಜನಕ್ಕೆ ಅನ್ನ ಬಡಿಸಿ, ಇನ್ನೊಂದು ಸವುಟು ಹಾಕಲೇ ಎಂದು ಕೇಳಿ ಕೇಳಿ ಬಡಿಸಿ, ಬಂದು ಈ ಕೆಂಪು ನೀರಿನ ಎದುರು ಕೂರಬೇಕು. ಅವು ತಳದಲ್ಲಿ ಸುಮ್ಮನೆ ಕೂತಿವೆ. ಉಳಿಯುವುದಿಲ್ಲ ಎಂದು ಗೊತ್ತಾಗಿ ಕೂತಿವೆ. ಮಗಳ ಮಾತು ಬೇಡವೆಂದರೂ ಕಿವಿಗೆ ಬರುತ್ತಿತ್ತು.

ಒಂದು ಫೋನು ಅವರಿಗೆ ಮರೆಯಲು ಆಗಿರಲಿಲ್ಲ. ದೀಪಾವಳಿಯ ಗರ್ದಿ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಕೈಯಲ್ಲಿ ಅಳತೆಯ ಗಜ. ಆ ಕಡೆಯಿಂದ ಮಗಳು, "ಅಪ್ಪಾ, ಹಸಿವ್ಯಾಗ್ಯಾದ" ಎಂದಳು. ಅಷ್ಟೇ ಅಂದದ್ದು. ಬಯ್ಯಲಿಲ್ಲ, ದೂರಲಿಲ್ಲ, ಸಣ್ಣವಳಿದ್ದಾಗ ಸಾಲಿಯಿಂದ ಬಂದು ಹೇಳುತ್ತಿದ್ದಳಲ್ಲ ಹಾಗೆ. ಅವರು, "ಗಿರಾಕಿ ಅದಾರವ್ವಾ, ಆಮ್ಯಾಲ ಮಾತಾಡೂಣು. ಸೊಲ್ಪ ತಡಕೋ" ಎಂದು ಫೋನಿಟ್ಟು ಒಂಬತ್ತು ವಾರಿಯ ಸೀರೆ ಬಿಡಿಸಿ ತೋರಿಸಿದ್ದರು. ಆ ಸೀರೆಯ ಅಂಚಿನ ಬಣ್ಣ ಕೂಡ ಅವರಿಗೆ ನೆನಪಿತ್ತು. ಆಮೇಲೆ ಅವರು ಮಾತಾಡಲಿಲ್ಲ, ಅವಳೂ ಫೋನು ಮಾಡಲಿಲ್ಲ.

ಹಿರಾಬಾಯಿ ಚಕ್ರಕ್ಕೆ ಸಿಕ್ಕ ಎಲೆ ತೆಗೆಯುತ್ತ, "ಮಾಲಕ್ರ, ಕೆಂಪಂತೂ ಆತು. ಇನ್ನೂ ಎಷ್ಟ ದಿನ ಉಪಾಸ ಕೆಡವ್ತಾರ್ರಿ ಬಾಯಿ ಇವನ್ನ?" ಎಂದಳು.

ಅದೇ ಪ್ರಶ್ನೆ ಅವರ ತಲೆಯಲ್ಲೂ ಕೊರೆಯುತ್ತಿತ್ತು. ಕೆಂಪು ಬಂದಾಯಿತು, ಮಗಳಿಗೆ ಬೇಕಾದದ್ದು ಸಿಕ್ಕಾಯಿತು. ಇನ್ನು ಇವಕ್ಕೆ ಒಂದು ತುತ್ತು ಇಕ್ಕಿದರೆ ಯಾರ ಗಂಟು ಹೋಗುತ್ತದೆ? ಬಟ್ಟೆ ವ್ಯಾಪಾರದಲ್ಲಿ ಬಣ್ಣ ಎರಡೇ ಥರ: ಕಚ್ಚಾ ರಂಗು, ಪಕ್ಕಾ ರಂಗು. ಕಚ್ಚಾ ಆದರೆ ಮೊದಲ ನೀರಿಗೇ ಬಿಡುತ್ತದೆ. ಪಕ್ಕಾ ಆದರೆ ಬಟ್ಟೆ ಹರಿದರೂ ಬಣ್ಣ ಹೋಗುವುದಿಲ್ಲ. ಶಾಂತಲಿಂಗಪ್ಪನವರು ಎದ್ದು ಗೋದಾಮಿನಲ್ಲಿ ಹುಡುಕಿ ಬಿಳಿಯ ಮಲ್ಮಲ್ಲಿನ ಒಂದು ತುಂಡು ತಂದರು. ಟಾಕಿಯ ತಳದ ಕೆಸರಿಗೆ ಅದ್ದಿ, ಚೆನ್ನಾಗಿ ತಿಕ್ಕಿ, ಬಿಸಿಲಿಗೆ ಒಣಗಿಸಿದರು. ಆಮೇಲೆ ಸಾಬೂನು ಹಚ್ಚಿ ತೊಳೆದರು. ಕಲೆ ಹೋಗಲಿಲ್ಲ. ಅಂಗಡಿಯಲ್ಲಿ ಹೊಸ ಮಾಲು ಬಂದಾಗ ಮಾಡುತ್ತಿದ್ದ ಹಾಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಪಕ್ಕಾ ಅದ" ಎಂದು ಹಿರಾಬಾಯಿಗೆ ತೋರಿಸಿದರು. ಇವರ ಅರ್ಧ ಶತಮಾನದ ಅನುಭವ ಅಲ್ಲಿಗೆ ತೀರ್ಪು ಕೊಟ್ಟುಬಿಟ್ಟಿತು. ಪಾಚಿ ಬಟ್ಟೆಯಲ್ಲ, ಅದಕ್ಕೆ ಜೀವವಿದೆ, ಜೀವವಿದ್ದದ್ದು ಬಣ್ಣ ಹಾಕಿಕೊಳ್ಳುವಂತೆ ತೆಗೆದೂ ಹಾಕುತ್ತದೆ ಎಂದು ಹೇಳುವವರು ಯಾರಿದ್ದರು? ಹೇಳುವವಳು ಸೊಲ್ಲಾಪುರದಲ್ಲಿ ಸತ್ತ ಬಾಟಲಿಗಳ ಎದುರು ಕೂತಿದ್ದಳು.

ಮರುದಿನ ಹಿರಾಬಾಯಿ ಗಂಡ ಕೆಲಸ ಮಾಡುವ ಹೊಲದಿಂದ ಸೀರೆಯ ಸೆರಗಿನಲ್ಲಿ ಯೂರಿಯಾ ಕಟ್ಟಿಕೊಂಡು ಬಂದಳು. "ಒಂದೊಂದ ಮುಷ್ಟಿ ಹಾಕ್ರಿ ಮಾಲಕ್ರ, ಬೆಳಿಗಿ ಹಾಕೂದು ಇದನ" ಎಂದಳು. ಶಾಂತಲಿಂಗಪ್ಪನವರು ತಂಬಿಗೆಯಲ್ಲಿ ಕರಗಿಸಿ, ಒಂದು ಟಾಕಿಗೆ ಒಂದು ತಂಬಿಗೆಯಂತೆ ಸುತ್ತಲೂ ಸಣ್ಣ ಧಾರೆಯಾಗಿ ಬಿಟ್ಟರು, ಪಂಕ್ತಿಯಲ್ಲಿ ಯಾರೂ ತಪ್ಪಬಾರದು ಎಂದು ಬಡಿಸುವ ಹಾಗೆ. ಬಿಸಿಲು ಸಾಕು ಎನ್ನಿಸಿ ಜಾಳಿಗೆಯನ್ನೂ ಎಳೆದು ಕಟ್ಟಿದರು. ಆ ಮಧ್ಯಾಹ್ನ ಅವರಿಗೆ ಊಟ ರುಚಿಸಿತು. ಎಷ್ಟೋ ದಿನದ ಮೇಲೆ ಎಚ್ಚರವಿಲ್ಲದಂತೆ ನಿದ್ದೆ ಹತ್ತಿತು.

ಮರುದಿನವೂ ಹಾಕಿದರು, ಅದರ ಮರುದಿನವೂ. ಕೆಂಪಿನ ನಡುವೆ ಅಲ್ಲಲ್ಲಿ ಹಸಿರು ಕಂಡಿತು. ಕಂಡಾಗ ಎದೆ ಧಸಕ್ಕೆಂದಿತೆ? ಇಲ್ಲ. ಖುಷಿಯಾಯಿತು! ಹಸಿರಾದರೆ ಉಂಡವು, ಜೀವ ಬಂತು, ಈಜಾಡುತ್ತಿವೆ. ಕೆಂಪು ಪಕ್ಕಾ ರಂಗು, ಒಳಗೆ ಇದ್ದೇ ಇರುತ್ತದೆ, ಎಲ್ಲಿಗೆ ಹೋದೀತು? ಉಮಾಬಾಯಿಗೆ ಫೋನು ಮಾಡಿ, "ನೀರಿನ ಮಾರಿ ಮ್ಯಾಲ ಕಳಾ ಬಂದದ ನೋಡು" ಎಂದು ನಕ್ಕರು. ಪೇಠದ ಮನೆಯಲ್ಲೇ ಇಳಿದಿದ್ದ ಮಗಳಿಗೂ ಫೋನು ಕೊಡು ಎಂದರು.

"ಎಲ್ಲಾ ಸತ್ತಾವಪ್ಪಾ ಇಲ್ಲಿ" ಎಂದಳು ಪ್ರಾಜಕ್ತಾ. ದನಿ ಬಿದ್ದುಹೋಗಿತ್ತು. "ಒಂದ ಬಾಟ್ಲಿನೂ ಉಳೀಲಿಲ್ಲ. ಅಲ್ಲಿ ಹೆಂಗದ?"

"ಇಲ್ಲಿ ಎಲ್ಲಾ ಬರೋಬರ್ ಅದ. ನೀ ಬಂದ ನೋಡೀಯಂತ" ಎಂದರು ಅವರು. ಮಗಳನ್ನು ಖುಷಿಪಡಿಸಬೇಕು ಎಂದಿತ್ತು.

ಕೆಟ್ಟದ್ದು ಬರುವಾಗ ಕುದುರೆ ಏರಿ ಬರುತ್ತದೆ ಎನ್ನುತ್ತಾರೆ. ಎರಡು ದಿನದಲ್ಲಿ ನಾಲ್ಕೂ ಟಾಕಿ ದಟ್ಟ ಹಸಿರಾದವು, ಅಂಚಿಗೆ ನೊರೆ ಕಟ್ಟಿತು, ಮೀನು ಕೊಳೆತಂಥ ವಾಸನೆ ಎದ್ದಿತು. ಹಿರಾಬಾಯಿ ಸೆರಗು ಮೂಗಿಗೆ ಹಿಡಿದು, "ಮಾಲಕ್ರ, ಇದೇನೋ ಬ್ಯಾರೆ ಆಗ್ಯಾದ್ರಿ" ಎಂದಳು. ಆಗ ಅವರ ಎದೆಯಲ್ಲಿ ಮೊದಲ ಸಲ ಏನೋ ಅಲುಗಿತು. ಯೂರಿಯಾ ಹಾಕುವುದು ನಿಲ್ಲಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಪ್ರಾಜಕ್ತಾ ಮರುದಿನ ಬೆಳಿಗ್ಗೆ ಬಂದಳು. ಗೇಟಿನಿಂದಲೇ ಅವಳಿಗೆ ಕಂಡಿತು. ಓಡಿ ಬರಲಿಲ್ಲ, ಕೂಗಲಿಲ್ಲ. ಚೀಲ ನೆಲಕ್ಕಿಟ್ಟು, ಟಾಕಿಯಿಂದ ಟಾಕಿಗೆ ನಡೆದು, ಪ್ರತಿಯೊಂದರಿಂದಲೂ ಒಂದು ಸಣ್ಣ ಬಾಟಲಿ ನೀರು ತುಂಬಿಕೊಂಡು ಗೋದಾಮಿನೊಳಗೆ ಹೋದಳು. ಒಳಗೆ ಮೇಜಿನ ಮೇಲೆ ಅವಳ ಮೈಕ್ರೋಸ್ಕೋಪು ಇತ್ತು. ಶಾಂತಲಿಂಗಪ್ಪನವರು ಬಾಗಿಲಲ್ಲಿ ನಿಂತರು. ಅವಳು ಗಾಜಿನ ಪಟ್ಟಿಯ ಮೇಲೆ ಹನಿ ಇಟ್ಟು ನೋಡುವುದು, ಒರೆಸುವುದು, ಮತ್ತೊಂದು ಹನಿ ಇಡುವುದು. ಮೊದಲು ನೀರು, ಆಮೇಲೆ ತಳದ ಕೆಸರು. ಕತ್ತು ಎತ್ತಲಿಲ್ಲ. ಹೊರಗೆ ಬಿಸಿಲು ಏರಿ ಬಾಗಿಲ ತನಕ ಬಂತು.

"ಅವ್ವಾ, ಸೊಲ್ಪ ಯೂರಿಯಾ ಹಾಕಿದ್ದೆ" ಎಂದರು ಅವರು. ದನಿ ತಮ್ಮದೇ ಎಂದು ಅನ್ನಿಸಲಿಲ್ಲ. "ಹಸರಾದ್ವಲ್ಲ, ಮತ್ತ ಉಪಾಸ ಹಾಕಿದ್ರ ಕೆಂಪ ಆಗೂದಿಲ್ಲೇನು?"

"ಈ ಹಸರು ನಂದಲ್ಲ ಅಪ್ಪಾ." ಅವಳು ಕಣ್ಣು ತೆಗೆಯದೆಯೇ ಹೇಳಿದಳು. "ಇದು ಗಾಳಿಗಿ ಬಂದು ಬಿದ್ದ ಬ್ಯಾರೆ ಪಾಚಿ. ಯೂರಿಯಾ ಎಲ್ಲಾ ಅದ ತಿಂದದ. ನನ್ನವು ಊಟ ಬಂತು, ನೆರಳ ಬಂತು, ಛಲೋ ಕಾಲ ಬಂತು ಅಂತ ತಿಳದು ತೊಗಲ ಒಡಕೊಂಡ ಹೊರಗ ಬಂದಾವು. ಹೊರಗ ಬಂದ್ರ ಅವು ಎಳೀ ಕೂಸ ಇದ್ದಂಗ, ತಂಪ ಬೇಕು. ಜಾಳಗಿ ಕಟ್ಟಿದ್ರೂ ನೀರು ಕಾದಿತ್ತು. ಬಂದಷ್ಟೂ ಬೆಂದಾವು. ಒಳಗ ಉಳದವಕ್ಕೂ ಹುಳ ಹತ್ತ್ಯಾವು. ಬರೀ ಸಿಪ್ಪಿ ಅದಾವು ಇಲ್ಲಿ."

"ಒಂದೂ?"

"ನೋಡಾಕತ್ತೀನಿ."

ಮತ್ತೆ ನೋಡಿದಳು. ಆಮೇಲೆ ದೀಪ ಆರಿಸಿದಳು. ಒಂದೂ ಇರಲಿಲ್ಲ.

ಅಲ್ಲೇ ನಿಂತು ಯೋಗಿರಾಜರಿಗೆ ಫೋನು ಹಚ್ಚಿ ಮರಾಠಿಯಲ್ಲಿ ಮಾತಾಡಿದಳು. ಬರುವ ಅಗತ್ಯವಿಲ್ಲ, ಬೆಳೆ ಹೋಗಿದೆ, ಬೀಜವೂ ಹೋಗಿದೆ ಎಂದಳು. ಆ ಕಡೆಯವರು ಹೇಗಾಯಿತು ಎಂದು ಕೇಳಿರಬೇಕು. "ತಪ್ಪು ನನ್ನದು ಸರ್. ಕಾಯಲು ಬಾರದವರ ಕೈಗೆ ಕೊಟ್ಟು ಹೋಗಿದ್ದೆ" ಎಂದಳು. ಶಾಂತಲಿಂಗಪ್ಪನವರಿಗೆ ಮರಾಠಿ ಕನ್ನಡದಷ್ಟೇ ಬರುತ್ತಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದರು.

ಅವಳು ಹೊರಗೆ ಬಂದು ಮೋಟಾರುಗಳನ್ನು ನಿಲ್ಲಿಸಿದಳು. ಟಾಕಿಗಳ ಬೂಚು ಒಂದೊಂದಾಗಿ ಕಿತ್ತಳು. ನೀರು ಗಟಾರಕ್ಕೆ ಹರಿಯತೊಡಗಿತು. ಹಿರಾಬಾಯಿ ಮೂಲೆಯಲ್ಲಿ ನಿಂತು ಅಳುತ್ತ, "ನಾನ ತಂದ ಕೊಟ್ಟೆ ಬಾಯಿ, ನನಗ ಚಪ್ಪಲಿ ತಗೊಂಡ ಹೊಡೀರಿ" ಎಂದಳು. ಪ್ರಾಜಕ್ತಾ ಅವಳ ಬೆನ್ನ ಮೇಲೆ ಕೈಯಿಟ್ಟು, "ಮನಿಗಿ ಹೋಗು ಹಿರಾಬಾಯಿ, ಇವತ್ತ ಕೆಲಸಿಲ್ಲ" ಎಂದು ಕಳಿಸಿದಳು. ಆಮೇಲೆ ಉ‌ದ್ದ ಹಿಡಿಯ ಬ್ರಶ್ಶು ತೆಗೆದುಕೊಂಡು ಬರಿದಾದ ಮೊದಲ ಟಾಕಿಗೆ ಇಳಿದು ತಿಕ್ಕತೊಡಗಿದಳು. ಇನ್ನು ಅದರಲ್ಲಿ ಏನು ಬೆಳೆಯುವುದಿತ್ತು? ಏನೂ ಇಲ್ಲ. ಆದರೂ ತಿಕ್ಕಿದಳು.

ಶಾಂತಲಿಂಗಪ್ಪನವರು ಅವಳ ಹಿಂದೆಯೇ ಇಳಿದರು. "ನಿನ್ನ ತಪ್ಪ ಅಂತ ಯಾಕ ಹೇಳಿದಿ? ತಪ್ಪ ನಂದದ. ನನ್ನ ಹೆಸರ ಹೇಳಬೇಕಾಗಿತ್ತು. ಬಯ್ಯರೆ ಬಯ್ಯಿ ನನ್ನ."

ಅವಳು ಬ್ರಶ್ಶು ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಹುಡುಕಿದರು ಅವರು, ಸಿಕ್ಕಲಿಲ್ಲ.

"ಒಂದು ಕೇಳ್ಲೆನಪ್ಪಾ? ನಾ ಫೋನ್ ಮಾಡಿದ್ದೆ. ಹಸಿವ್ಯಾಗ್ಯಾದ ಅಂದಿದ್ದೆ. ನೆನಪದ?"

"ಅದ."

"ನೀ ತಡಕೋ ಅಂದಿ. ಇವು ನಿನಗ ಏನೂ ಅಂದಿರಲಿಲ್ಲ. ಇವಕ್ಕ ಬ್ಯಾಡ ಅಂತ ನಾ ಹೇಳಿ ಹೋಗಿದ್ದೆ. ಇವಕ್ಕ ಯಾಕ ಹಾಕಿದಿ?"

ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಅದೇ ಅವರನ್ನು ಕೊಂದಿತು. ಚುಚ್ಚಲು ಕೇಳಿದ್ದರೆ ಕಾಲು ಹಿಡಿದು ಅತ್ತುಬಿಡಬಹುದಿತ್ತು. ಶಾಂತಲಿಂಗಪ್ಪನವರು ಬಾಯಿ ತೆರೆದರು. ಮರುಕ, ಮಮತೆ, ವಯಸ್ಸು, ಅರಿಯದೆ ಆದದ್ದು: ಹೇಳಬಹುದಾದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದು ಸುಳ್ಳೆನಿಸಿ ಹಿಂದೆ ಹೋದವು. ಉಳಿದದ್ದು ಒಂದೇ. ಅದನ್ನು ಅವರು ಉಮಾಬಾಯಿಗೂ ಹೇಳಿರಲಿಲ್ಲ, ತಮಗೆ ತಾವೂ ಹೇಳಿಕೊಂಡಿರಲಿಲ್ಲ.

"ನೀರಿಗಿ ಗಂಡನ ಮನಿ ಇರಲಿಲ್ಲವ್ವಾ" ಎಂದರು. "ಇವಕ್ಕ ಹಾಕಿದ್ರ ಪೇಠದಾಗ ಯಾರೂ ಏನೂ ಅನ್ನಾಂಗಿರಲಿಲ್ಲ."

ಪ್ರಾಜಕ್ತಾ ಬ್ರಶ್ಶಿಗೆ ಅಂಟಿದ ಪಾಚಿ ಕೊಡವಿದಳು. ಗಟಾರದಲ್ಲಿ ನೀರು ಹೋಗುವ ಸಪ್ಪಳ ಕೇಳುತ್ತಿತ್ತು.

"ಹೂಂ" ಎಂದಳು. "ಇದ ಇರಬೇಕು ಅಂತ ನನಗೂ ಅನಿಸಿತ್ತು."

ಮತ್ತೆ ಬ್ರಶ್ಶು ಹಿಡಿದು ಬಗ್ಗಿದಳು. ತಿಕ್ಕುತ್ತ ತಿಕ್ಕುತ್ತ ಅವರು ನಿಂತಲ್ಲಿಗೆ ಬಂದಳು.

"ಕಾಲ ತಗೀ ಅಪ್ಪಾ, ಅಲ್ಲಿ ತೊಳೀಬೇಕು" ಎಂದಳು.

ಅವರು ಕಾಲು ತೆಗೆದರು.